ಮೊದಲು ಬುಡ ನೋಡಿ, ಹೆಸರು ಆಮೇಲೆ

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯವರಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದೆ. ಗದ್ದೆಯಲ್ಲಿ, ಹುಣಿಯಲ್ಲಿ ಬೆಳೆಯುವ ಕಳೆಗಿಡಗಳನ್ನು ತಂದು, ಹಳೆಯ ಪೇಪರಿನ ನಡುವೆ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ತರಬೇಕು. ಬಂದ ಪುಸ್ತಕಗಳಲ್ಲಿ ಹೆಚ್ಚಿನವುಗಳಲ್ಲಿ ಒಂದು ಹಾಳೆ ಒಂದೇ ತರ ಇತ್ತು: ಮೂರು ಮೂಲೆಯ ದಂಟು, ತುದಿಯಲ್ಲಿ ಕೊಡೆಯ ಕಡ್ಡಿಯ ಹಾಗೆ ಹರಡಿದ ಹೂಗೊಂಚಲು, ಕೆಳಗೆ ಚಂದದ ಅಕ್ಷರದಲ್ಲಿ ‘ಸೈಪರಸ್ ರೊಟಂಡಸ್ – ಕೊನ್ನಾರಿ ಗಡ್ಡೆ’. ನಾನು ಟಿಕ್ ಹಾಕುತ್ತಾ ಹೋದೆ.

ಒಬ್ಬಳ ಹಾಳೆಯಲ್ಲಿ ಮಾತ್ರ ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಹೀಗೆ ಬರೆದಿದ್ದಳು: ‘ಹೆಸರು ಗೊತ್ತಾಗಲಿಲ್ಲ. ಗಡ್ಡೆ ಇಲ್ಲ. ಅಜ್ಜನ ಹಾರೆಯಲ್ಲಿ ಒಂದು ಗೇಣು ಅಗೆದು ನೋಡಿದ್ದೇವೆ. ಬೇರು ನಾರಿನ ಹಾಗೆ, ಸ್ವಲ್ಪ ಕೆಂಪು. ಗದ್ದೆಯಲ್ಲಿ ನೀರು ನಿಂತ ಕಡೆ ಇತ್ತು.’ ನಾನು ಕೆಂಪು ಪೆನ್ನಿನಲ್ಲಿ ‘ಹೆಸರು ಬರೆಯಬೇಕು’ ಎಂದು ಗೀಚಿ ಎರಡು ಅಂಕ ಕಡಿಮೆ ಮಾಡಿದೆ.

ಆ ಎರಡು ಅಂಕದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಆ ಇಡೀ ಕಟ್ಟಿನಲ್ಲಿ ವಿಜ್ಞಾನ ಅಂತ ಇದ್ದದ್ದು ಅದೊಂದೇ ಹಾಳೆಯಲ್ಲಿ. ಅದು ನನಗೆ ಹೊಳೆದದ್ದು ನಾಲ್ಕು ದಿನ ಕಳೆದ ಮೇಲೆ, ಪುಸ್ತಕಗಳನ್ನು ವಾಪಸು ಕೊಡಲು ಕಟ್ಟು ಬಿಚ್ಚುವಾಗ. ‘ಅಗೆದು ನೋಡಿದ್ದೇವೆ’ ಎಂಬ ಮಾತು ಕಣ್ಣಿಗೆ ಬಿತ್ತು. ಉಳಿದವರ ಹಾಳೆಗಳನ್ನು ಮತ್ತೊಮ್ಮೆ ತಿರುಗಿಸಿದೆ. ಹೆಸರು ಕೊನ್ನಾರಿ ಗಡ್ಡೆ, ಆದರೆ ಗಡ್ಡೆ ಇದ್ದ ಹಾಳೆ ಎರಡೋ ಮೂರೋ. ಗಡ್ಡೆ ಇಲ್ಲದೆ ಕೊನ್ನಾರಿ ಗಡ್ಡೆ ಆಗುವುದು ಹೇಗೆ? ಕಿತ್ತಾಗ ತುಂಡಾಗಿ ಗಡ್ಡೆ ಮಣ್ಣಲ್ಲೇ ಉಳಿದಿರಬಹುದು. ಗಡ್ಡೆ ಇಲ್ಲದೆಯೂ ಇರಬಹುದು. ಯಾರೂ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ.

ನೀವು ಓದುವ ಪಾಠಪುಸ್ತಕದಲ್ಲಿ ಏಕದಳ ಸಸ್ಯಕ್ಕೆ ಉದಾಹರಣೆ ಅಂದರೆ ಹುಲ್ಲು, ಭತ್ತ, ತೆಂಗು. ಜೇಕು ಎಂಬ ದೊಡ್ಡ ಕುಟುಂಬವೊಂದು ಇದೆ ಎಂಬುದು ಅಲ್ಲಿ ಹೆಚ್ಚಾಗಿ ಬರುವುದೇ ಇಲ್ಲ. ಪ್ರಪಂಚದಲ್ಲಿ ಜೇಕಿನ ಪ್ರಭೇದಗಳು ಸುಮಾರು 5,500 ಇವೆ. ಪ್ರಾಚೀನ ಈಜಿಪ್ಟಿನವರು ಬರೆಯುವ ಹಾಳೆ ಮಾಡುತ್ತಿದ್ದ ಪಪೈರಸ್ ಒಂದು ಜೇಕು. ತಮಿಳುನಾಡಿನ ಪತ್ತಮಡೈ ಚಾಪೆ ನೇಯುವುದೂ ಜೇಕಿನಿಂದಲೇ. ನಮ್ಮ ಊರಲ್ಲಿ ಮಾತ್ರ ಎಲ್ಲವೂ ‘ಹುಲ್ಲು’. ಮಲಯಾಳದಲ್ಲಿ ‘ಕೋರ’ ಎಂಬ ಒಂದು ಹೆಸರಾದರೂ ಬಳಕೆಯಲ್ಲಿ ಉಳಿದಿದೆ; ಕನ್ನಡದ ‘ಜೇಕು’ ಎಂಬ ಒಳ್ಳೆಯ ಶಬ್ದವನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನನ್ನ ಮುಖ ನೋಡುತ್ತಾರೆ.

ಹುಲ್ಲೋ ಜೇಕೋ ಎಂದು ತಿಳಿಯಲು ಪುಸ್ತಕ ಬೇಡ, ಬೆರಳು ಸಾಕು. ಹೂ ಬಿಟ್ಟ ದಂಟನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉರುಳಿಸಿ. ಹುಲ್ಲಿನ ದಂಟು ಸಾಮಾನ್ಯವಾಗಿ ಗುಂಡಗೆ ಉರುಳುತ್ತದೆ, ಅಲ್ಲಲ್ಲಿ ಗಂಟು ಸಿಗುತ್ತದೆ. ಜೇಕಿನ ದಂಟು ಮೂರು ಮೂಲೆ ಇರುವುದರಿಂದ ಕಟಕಟ ಎಂದು ತಡೆದು ತಿರುಗುತ್ತದೆ, ಬುಡದಿಂದ ಹೂವಿನವರೆಗೆ ಗಂಟು ಕಾಣುವುದಿಲ್ಲ. ಬ್ಲೇಡಿನಿಂದ ಅಡ್ಡ ಕೊಯ್ದರೆ ಒಳಗೆ ತಿರುಳು ತುಂಬಿರುತ್ತದೆ. ಭತ್ತದ ದಂಟಿನ ಹಾಗೆ ಪೊಳ್ಳು ಅಲ್ಲ. ಮೇಲಿನಿಂದ ನೋಡಿದರೆ ಎಲೆಗಳು ಮೂರು ದಿಕ್ಕಿಗೆ ಚಾಚಿರುತ್ತವೆ, ಹುಲ್ಲಿನಲ್ಲಿ ಎರಡು ದಿಕ್ಕಿಗೆ. ಆದರೆ ಇದನ್ನು ಸೂತ್ರ ಅಂತ ಬಾಯಿಪಾಠ ಮಾಡಬೇಡಿ. ಎಲಿಯೋಕಾರಿಸ್ ಎಂಬ ಜೇಕಿನ ಗುಂಪಿನಲ್ಲಿ ದಂಟು ಗುಂಡಗೇ ಇರುವ ಪ್ರಭೇದಗಳಿವೆ, ಎಲೆಯಂತೂ ಬರಿಯ ಕವಚ ಅಷ್ಟೆ. ಗುಂಡಗೆ ಉರುಳಿತು ಎಂದು ಹುಲ್ಲಿನ ಕಡೆ ಹಾಕಿದರೆ ಮೋಸ ಹೋಗುತ್ತೀರಿ. ಜೇಕಿನಲ್ಲಿ ಒಂದೇ ಗುಣ ನೋಡಿ ತೀರ್ಮಾನಿಸುವುದು ಎಲ್ಲೂ ನಡೆಯುವುದಿಲ್ಲ.

ಈಗ ಆ ಹಾಳೆಗೆ ಬರೋಣ. ಮುಂದಿನ ಶನಿವಾರ ಅವಳ ಮನೆಯ ಬೈಲಿಗೆ ಹೋದೆವು, ಅವಳೂ ಇನ್ನು ನಾಲ್ಕು ಮಂದಿಯೂ ನಾನೂ. ಏಣೇಲು ಬೆಳೆಯ ಗದ್ದೆ, ಪಾದ ಮುಳುಗುವಷ್ಟು ನೀರು. ಹುಣಿಯ ಮೇಲೆ ನಿಂತು ನೋಡಿದರೆ ಭತ್ತದ ನಡುವೆ ಒಂದೇ ಜಾತಿಯ ಜೇಕು ಇದ್ದ ಹಾಗೆ ಕಾಣುತ್ತಿತ್ತು. ಇಳಿದು, ಬಗ್ಗಿ ನೋಡುವಾಗ ಮೂರು ಸಿಕ್ಕಿತು. ಗದ್ದೆ ಬಿಟ್ಟು ಅಂಗಳಕ್ಕೆ ಹತ್ತುವಾಗ ನಾಲ್ಕನೆಯದು.

ಮೊದಲನೆಯದು ಅವಳ ಗಿಡ, ಸೈಪರಸ್ ಇರಿಯಾ. ಒಂದೇ ಬುಡದಿಂದ ಗುಚ್ಛವಾಗಿ ಬರುವ ಗಿಡ, ಒಂದು ಬೆಳೆಯ ಅವಧಿಯಲ್ಲೇ ಹುಟ್ಟಿ ಬೀಜ ಮಾಡಿ ಸಾಯುತ್ತದೆ. ಹೂಗೊಂಚಲು ಸಡಿಲ, ಕಡ್ಡಿಯ ಉದ್ದಕ್ಕೂ ಕಿರುತೆನೆಗಳು ಒಂದಕ್ಕೊಂದು ಜಾಗ ಬಿಟ್ಟು ಕೂತಿರುತ್ತವೆ. ಬಲಿಯುವಾಗ ಹಳದಿ ಕಂದು ಬಣ್ಣ. ಮಲಯಾಳದಲ್ಲಿ ಇದನ್ನು ‘ಮಞ್ಞಕ್ಕೋರ’ ಎನ್ನುತ್ತಾರೆ, ಅಂದರೆ ಹಳದಿ ಜೇಕು.

ಎರಡನೆಯದು ಸೈಪರಸ್ ಡಿಫಾರ್ಮಿಸ್. ಇದೂ ಗುಚ್ಛ, ಇದಕ್ಕೂ ಗಡ್ಡೆ ಇಲ್ಲ, ಬೇರೂ ಹೆಚ್ಚುಕಡಿಮೆ ಅದೇ ತರ. ಆದರೆ ಕಿರುತೆನೆಗಳೆಲ್ಲ ಒತ್ತೊತ್ತಾಗಿ ಸೇರಿ ಕಡ್ಡಿಯ ತುದಿಯಲ್ಲಿ ಪುಟ್ಟ ಉಂಡೆ ಆಗಿರುತ್ತವೆ. ಇದರ ಮಲಯಾಳ ಹೆಸರು ‘ತಲೆಕ್ಕೆಟ್ಟನ್’. ತಲೆಗೆ ಮುಂಡಾಸು ಕಟ್ಟಿದವನನ್ನು ನೆನಪಿಸಿಕೊಳ್ಳಿ, ಗಿಡ ಕಣ್ಣಿಗೆ ಬರುತ್ತದೆ. ಈ ಹೆಸರುಗಳನ್ನು ಇಟ್ಟವರ ಕೈಯಲ್ಲಿ ಲೆನ್ಸ್ ಇರಲಿಲ್ಲ, ಆದರೂ ನಾವು ‘ಹುಲ್ಲು’ ಅಂದ ಕಡೆ ಅವರು ಎರಡನ್ನು ಕಂಡಿದ್ದಾರೆ.

ಮೂರನೆಯದು ಸೈಪರಸ್ ಗುಂಪಿನದ್ದೇ ಅಲ್ಲ. ಫಿಂಬ್ರಿಸ್ಟೈಲಿಸ್ ಲಿಟ್ಟೊರಾಲಿಸ್; ಹಳೆಯ ಪುಸ್ತಕಗಳಲ್ಲಿ ಫಿಂಬ್ರಿಸ್ಟೈಲಿಸ್ ಮಿಲಿಯೇಸಿಯ ಎಂದಿರುತ್ತದೆ. ಇದರ ಬುಡ ನೋಡಿದರೆ ಸಾಕು, ಎಲೆಗಳು ಚಪ್ಪಟೆಯಾಗಿ ಒಂದರ ಮೇಲೊಂದು ಬೀಸಣಿಗೆಯ ಹಾಗೆ ಹರಡಿರುತ್ತವೆ. ಕಿರುತೆನೆ ಸಾಸಿವೆ ಕಾಳಿನಂತೆ ಗುಂಡು. ಇನ್ನೂ ಖಚಿತ ಬೇಕಾದರೆ ಒಂದು ಕಿರುತೆನೆಯನ್ನು ಲೆನ್ಸಿನಲ್ಲಿ ನೋಡಿ. ಜೇಕಿನ ಪ್ರತಿ ಹೂವೂ ಒಂದು ಪುಟ್ಟ ಹೊಟ್ಟಿನಂಥ ಪೊರೆಯ ಮರೆಯಲ್ಲಿ ಇರುತ್ತದೆ. ಅದನ್ನು ತುಷ ಎನ್ನುತ್ತಾರೆ. ಸೈಪರಸ್‌ನಲ್ಲಿ ತುಷಗಳು ಎರಡು ಸಾಲಾಗಿ, ಜಡೆ ಹೆಣೆದ ಹಾಗೆ, ಎಡಕ್ಕೊಂದು ಬಲಕ್ಕೊಂದು. ಫಿಂಬ್ರಿಸ್ಟೈಲಿಸ್‌ನಲ್ಲಿ ಸಾಮಾನ್ಯವಾಗಿ ಸುತ್ತುಸುತ್ತಾಗಿ, ಸುರುಳಿ ಮೆಟ್ಟಿಲಿನಂತೆ.

ಅಂಗಳದ ಬದಿಯಲ್ಲಿ ಸಿಕ್ಕಿದ್ದು ನಿಜವಾದ ಕೊನ್ನಾರಿ, ಸೈಪರಸ್ ರೊಟಂಡಸ್. ಭದ್ರಮುಷ್ಟಿ, ತುಂಗೆ ಗಡ್ಡೆ, ಮುತ್ತಂಗ ಎಲ್ಲವೂ ಅದೇ. ಕಿರುತೆನೆ ಉದ್ದ, ಬಣ್ಣ ಕೆಂಪು ಕಂದು. ಕೈಯಲ್ಲಿ ಎಳೆದಾಗ ಟಪ್ ಎಂದು ಬುಡದಲ್ಲೇ ತುಂಡಾಯಿತು. ‘ನೋಡಿ ಟೀಚರ್, ಇದಕ್ಕೂ ಗಡ್ಡೆ ಇಲ್ಲ’ ಎಂದ ಒಬ್ಬ. ಅವಳು ಮಾತಾಡದೆ ಹಾರೆ ತಂದಳು. ಅಗೆದರೆ ನಾಲ್ಕು ಬೆರಳು ಆಳದಲ್ಲಿ ಕಪ್ಪು ಕಂದು ಗಡ್ಡೆಗಳು, ಒಂದಕ್ಕೊಂದು ಬಳ್ಳಿಯಿಂದ ಪೋಣಿಸಿದ ಹಾಗೆ. ಉಗುರಿನಿಂದ ಗೀರಿದರೆ ಪರಿಮಳ.

ನೋಡಿ, ಇಲ್ಲೊಂದು ಸೂಕ್ಷ್ಮ ಇದೆ. ‘ಗಡ್ಡೆ ಕಾಣಲಿಲ್ಲ’ ಮತ್ತು ‘ಗಡ್ಡೆ ಇಲ್ಲ’ ಒಂದೇ ಅಲ್ಲ. ಕಿತ್ತು ನೋಡಿದವನು ಮೊದಲನೆಯದನ್ನು ಮಾತ್ರ ಹೇಳಬಹುದು. ಎರಡನೆಯದನ್ನು ಹೇಳುವ ಹಕ್ಕು ಅಗೆದವಳಿಗೆ ಇದೆ. ಅವಳು ಅಗೆದದ್ದನ್ನೂ ಎಷ್ಟು ಆಳ ಎಂಬುದನ್ನೂ ಬರೆದಿದ್ದಳು, ಅಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ನಾನು ಅಂಕ ಕಡಿದಿದ್ದೆ.

ಅಳತೆಯ ವಿಷಯ ಹೇಳಿದರೆ ನಿಮಗೆ ಇಷ್ಟವಾಗಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಹ್ಯಾಂಡ್ ಲೆನ್ಸ್ ಮತ್ತು ಗಣಿತದ ಗ್ರಾಫ್ ಹಾಳೆಯ ಒಂದು ತುಂಡು ತೆಗೆದುಕೊಳ್ಳಿ. ಸೂಜಿಯ ಮೊನೆಯಿಂದ ಒಂದು ತುಷವನ್ನು ಬಿಡಿಸಿ ಗ್ರಾಫಿನ ಮೇಲಿಡಿ. ಗ್ರಾಫಿನ ಸಣ್ಣ ಚೌಕ ಒಂದು ಮಿಲಿಮೀಟರ್. ಡಿಫಾರ್ಮಿಸ್‌ನ ತುಷ ಒಂದು ಚೌಕವನ್ನೂ ತುಂಬುವುದಿಲ್ಲ. ಇರಿಯಾದ್ದು ಒಂದರಿಂದ ಒಂದೂವರೆ ಚೌಕ. ರೊಟಂಡಸ್‌ನದ್ದು ಮೂರು ಚೌಕ, ಕೆಲವೊಮ್ಮೆ ಸ್ವಲ್ಪ ಹೆಚ್ಚು. ಬರಿಗಣ್ಣಿಗೆ ಧೂಳಿನ ಹಾಗೆ ಕಂಡದ್ದು ಗ್ರಾಫಿನ ಮೇಲೆ ಇಷ್ಟು ವ್ಯತ್ಯಾಸ ತೋರಿಸುತ್ತದೆ. ನಮ್ಮ ಶಾಲೆಯ ಹುಡುಗರು ಒಂದು ಮಧ್ಯಾಹ್ನ ಪೂರ್ತಿ ಇದನ್ನೇ ಮಾಡಿದರು, ಊಟದ ಬೆಲ್ ಹೊಡೆದದ್ದೇ ಗೊತ್ತಾಗಲಿಲ್ಲ.

ಹಾಗಂತ ಮೂರು ಚೌಕ ಕಂಡ ಕೂಡಲೇ ರೊಟಂಡಸ್ ಎಂದು ಬರೆಯಬೇಡಿ. ಶಾಲೆಯ ಮೈದಾನದ ಅಂಚಿನಲ್ಲಿ, ಒಣ ನೆಲದಲ್ಲಿ ಸೈಪರಸ್ ಕಂಪ್ರೆಸ್ಸಸ್ ಬೆಳೆಯುತ್ತದೆ. ಅದರ ತುಷವೂ ಮೂರು ಮಿಲಿಮೀಟರ್ ಇರುತ್ತದೆ. ಆದರೆ ತುಷದ ತುದಿ ಚೂಪಾಗಿ ಮುಳ್ಳಿನ ಹಾಗೆ ಚಾಚಿರುತ್ತದೆ, ಕಿರುತೆನೆ ಚಪ್ಪಟೆ, ಮಣ್ಣೊಳಗೆ ಗಡ್ಡೆ ಇಲ್ಲ. ಗಿಡದ ಎತ್ತರವನ್ನಂತೂ ನಂಬಲೇಬೇಡಿ. ಗೊಬ್ಬರ ಬಿದ್ದ ಗದ್ದೆಯಲ್ಲಿ ಮೊಣಕಾಲು ದಾಟುವ ಇರಿಯಾ, ಕಲ್ಲಿನ ಸಂದಿಯಲ್ಲಿ ಬೆರಳುದ್ದ ಬೆಳೆದು ಮೂರು ಕಿರುತೆನೆ ಬಿಟ್ಟು ಬದುಕು ಮುಗಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಬೇರೆ ಬೇರೆ ಜಾತಿ ಎಂದು ಆಣೆ ಹಾಕಬಹುದು.

ಇನ್ನು ಹೂವಿನ ಒಳಗೆ. ತುಷದ ಸಂದಿಯಿಂದ ಕೂದಲಿನ ಹಾಗೆ ಹೊರಗೆ ಬಂದಿರುವ ಶಲಾಕಾಗ್ರದ ಕವಲು ಎಣಿಸಿ. ಮೇಲೆ ಹೇಳಿದ ಸೈಪರಸ್‌ಗಳಲ್ಲಿ ಮೂರು ಕವಲು, ಒಳಗಿನ ಕಾಯಿಯೂ ಮೂರು ಮೂಲೆ. ದಾರಿ ಬದಿಯಲ್ಲಿ, ತೋಟದ ತೇವದಲ್ಲಿ ಬಿಳಿ ಗುಂಡಿಯಂಥ ಹೂ ಬಿಡುವ ಕಿಲ್ಲಿಂಗ ನೆಮೊರಾಲಿಸ್ ನಿಮಗೆಲ್ಲ ಗೊತ್ತು. ಅದರಲ್ಲಿ ಎರಡೇ ಕವಲು, ಕಾಯಿ ಚಪ್ಪಟೆ. ಅದರ ಹತ್ತಿರದ ಸಂಬಂಧಿ ಕಿಲ್ಲಿಂಗ ಬ್ರೆವಿಫೋಲಿಯ, ಗುಂಡಿ ಹಸಿರು. ಬಿಳಿ ಗುಂಡಿಯದ್ದರ ತುಷದ ಬೆನ್ನಿನಲ್ಲಿ ಒಂದು ತೆಳು ರೆಕ್ಕೆ ಇರುತ್ತದೆ, ಹಸಿರಿನದ್ದರಲ್ಲಿ ಆ ರೆಕ್ಕೆ ಇಲ್ಲ. ಒಣಗಿಸಿದ ಮೇಲೆ ಬಿಳಿಯೂ ಹಸಿರೂ ಒಂದೇ ಕಂದು ಆಗಿಬಿಡುತ್ತದೆ. ಆಗ ಆ ರೆಕ್ಕೆಯೇ ಗತಿ. ಇನ್ನೊಂದು ವಿಷಯ: ಡಿಎನ್‌ಎ ಅಧ್ಯಯನದ ನಂತರ ಕಿಲ್ಲಿಂಗವನ್ನು ಸೈಪರಸ್ ಒಳಗೇ ಸೇರಿಸಿದ್ದಾರೆ. ಪುಸ್ತಕದಲ್ಲಿ ಹೆಸರು ಬದಲಾಯಿತು. ನೀವು ಬರೆದಿಟ್ಟ ‘ಎರಡು ಕವಲು, ಬೆನ್ನಿಗೆ ರೆಕ್ಕೆ’ ಬದಲಾಗಲಿಲ್ಲ.

ಮೊಬೈಲ್ ಆ್ಯಪ್ ಇರುವಾಗ ಇಷ್ಟೆಲ್ಲ ಯಾಕೆ ಟೀಚರ್, ಎಂದು ನೀವು ಕೇಳುತ್ತೀರಿ. ನನ್ನ ಮೊಬೈಲಿನಲ್ಲೂ ಆ್ಯಪ್ ಇದೆ, ಬಳಸುತ್ತೇನೆ. ದಾಸವಾಳಕ್ಕೂ ಕೇಪಳಕ್ಕೂ ಅದು ಚೆನ್ನಾಗಿ ಹೇಳುತ್ತದೆ. ಜೇಕಿನ ಕಥೆ ಬೇರೆ. ಆ್ಯಪ್‌ಗೆ ನಾವು ಕೊಡುವುದು ಒಂದು ಫೋಟೋ, ಅದೂ ನಿಂತಲ್ಲಿಂದ ತೆಗೆದದ್ದು. ಗಡ್ಡೆ ಮಣ್ಣೊಳಗೆ. ಕವಲು ತುಷದ ಸಂದಿಯಲ್ಲಿ. ಕಾಯಿ ಅದರ ಮರೆಯಲ್ಲಿ. ಪ್ರಭೇದ ಬೇರೆ ಮಾಡುವ ಗುಣ ಯಾವುದೂ ಆ ಫೋಟೋದಲ್ಲಿ ಇಲ್ಲದಿದ್ದರೆ ಆ್ಯಪ್ ಏನು ಮಾಡಬೇಕು? ಅದು ಅಂದಾಜು ಹೇಳುತ್ತದೆ. ಆ ಅಂದಾಜನ್ನು ಉತ್ತರ ಅಂತ ಬರೆದುಕೊಂಡದ್ದು ನಾವು, ಟಿಕ್ ಹಾಕಿದ್ದು ನಾನು. ಫೋಟೋ ತೆಗೆಯುವುದಾದರೆ ಒಂದು ಗಿಡಕ್ಕೆ ಐದು ತೆಗೆಯಿರಿ: ನಿಂತ ಜಾಗ, ತೊಳೆದ ಬುಡ, ಅಡ್ಡ ಕೊಯ್ದ ದಂಟು, ಗೊಂಚಲು, ಲೆನ್ಸ್ ಹಿಡಿದು ಕಿರುತೆನೆ. ಇದಿಷ್ಟು ನೋಡಿದ ಮೇಲೆ ಆ್ಯಪ್ ಹೇಳಿದ್ದು ಸರಿಯೋ ಎಂದು ನೀವೇ ಪರೀಕ್ಷಿಸಬಹುದು.

ಪರೀಕ್ಷೆಗೆ ಬರುವುದಿಲ್ಲ, ಇದರಿಂದ ಏನು ಪ್ರಯೋಜನ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಅವಳ ಅಜ್ಜನ ಗದ್ದೆಯನ್ನೇ ತೆಗೆದುಕೊಳ್ಳಿ. ಇರಿಯಾ ಮತ್ತು ಡಿಫಾರ್ಮಿಸ್ ಬೀಜದಿಂದಲೇ ಬದುಕುವವು, ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಹೂ ಕಾಯಿಯಾಗುವ ಮೊದಲು ಕಿತ್ತರೆ ಮುಂದಿನ ವರ್ಷಕ್ಕೆ ಅಷ್ಟು ಕಡಿಮೆ. ಕೊನ್ನಾರಿಗೆ ಈ ಉಪಾಯ ನಾಟುವುದೇ ಇಲ್ಲ, ಅದು ಬೀಜವನ್ನು ನೆಚ್ಚಿಕೊಂಡ ಗಿಡ ಅಲ್ಲ. ಹಾರೆಯಿಂದ ಕೊಚ್ಚಿದರೆ ಇನ್ನೂ ಹೆಚ್ಚುತ್ತದೆ. ಕಾರಣ ಇಷ್ಟೆ: ಸರಪಳಿಯಲ್ಲಿ ತುದಿಯ ಗಡ್ಡೆ ಚಿಗುರುವಾಗ ಹಿಂದಿನವನ್ನು ಚಿಗುರಲು ಬಿಡುವುದಿಲ್ಲ. ಸರಪಳಿ ತುಂಡಾದರೆ ಆ ತಡೆ ಹೋಗುತ್ತದೆ, ಪ್ರತಿ ಗಡ್ಡೆಯೂ ಸ್ವತಂತ್ರ ಗಿಡ. ಹತ್ತನೆಯವರು ಸಸ್ಯ ಹಾರ್ಮೋನುಗಳ ಪಾಠದಲ್ಲಿ ಓದುವ ತುದಿಮೊಗ್ಗಿನ ಪ್ರಾಬಲ್ಯ ಇದುವೇ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಪ್ರಪಂಚದ ಅತಿ ಕೆಟ್ಟ ಕಳೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲ ಸ್ಥಾನ ಈ ಕೊನ್ನಾರಿಗೇ ಸಿಕ್ಕಿತು. ಅದೇ ಗಡ್ಡೆ ಆಯುರ್ವೇದದಲ್ಲಿ ಮುಸ್ತಾ. ಮುಸ್ತಾರಿಷ್ಟಕ್ಕೆ ಹೆಸರು ಬಂದದ್ದು ಅದರಿಂದ. ಗಿಡ ತಪ್ಪಿ ಗುರುತಿಸಿದರೆ ಕಳೆಯೂ ಹೋಗುವುದಿಲ್ಲ, ಮದ್ದೂ ಸಿಗುವುದಿಲ್ಲ. ಏನೆಂದು ನೋಡದೆ ಡಬ್ಬಿ ತಂದು ಸಿಂಪಡಿಸುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಎಂಡೋಸಲ್ಫಾನ್ ಅನುಭವಿಸಿದ ಜಿಲ್ಲೆ ನಮ್ಮದು.

ನನಗೆ ತುಂಬ ಖುಷಿ ಕೊಟ್ಟ ಸಂಗತಿ ಇನ್ನೊಂದು. ಒಂದೇ ಗದ್ದೆಯಲ್ಲಿ ಪಕ್ಕಪಕ್ಕ ನಿಂತ, ನಾವು ಒಂದೇ ಎಂದುಕೊಂಡ ಇರಿಯಾ ಮತ್ತು ಡಿಫಾರ್ಮಿಸ್ ದ್ಯುತಿಸಂಶ್ಲೇಷಣೆ ಮಾಡುವ ಕ್ರಮವೇ ಬೇರೆ. ಡಿಫಾರ್ಮಿಸ್ ಭತ್ತದ ಹಾಗೆ ಸಿ3. ಇರಿಯಾ ಜೋಳ, ಕಬ್ಬಿನ ಹಾಗೆ ಸಿ4, ಬಿಸಿಲು ಜೋರಾದಾಗ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಎಲ್ಲವನ್ನೂ ‘ಹುಲ್ಲು’ ಎಂದವನಿಗೆ ಇಲ್ಲಿ ಕೇಳಲು ಪ್ರಶ್ನೆಯೇ ಇಲ್ಲ.

ಇರಿಯಾ ಎಂಬ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ, ಅದು ನಮ್ಮ ಕರಾವಳಿಯದ್ದೇ. ಡಚ್ಚರ ಮಲಬಾರಿನ ಆಡಳಿತಗಾರನಾಗಿದ್ದ ವಾನ್ ರೀಡ್ ಕೊಚ್ಚಿಯಲ್ಲಿ ಕೂತು ‘ಹೋರ್ತುಸ್ ಮಲಬಾರಿಕುಸ್’ ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಹನ್ನೆರಡು ಸಂಪುಟ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡಗಳ ತಿಳುವಳಿಕೆ ಕೊಟ್ಟವರು ಇಲ್ಲಿಯವರು: ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಕೊನೆಯ ಸಂಪುಟದಲ್ಲಿ ಜೇಕುಗಳ ಚಿತ್ರಗಳಿವೆ. ಅದರಲ್ಲಿ ‘ಇರಿಯಾ’ ಎಂದು ದಾಖಲಾದ ಹೆಸರನ್ನೇ ಲಿನೇಯಸ್ 1753ರಲ್ಲಿ ಎತ್ತಿಕೊಂಡು ಗಿಡಕ್ಕೆ ಇಟ್ಟ. ನಾವು ಲ್ಯಾಟಿನ್ ಎಂದು ಹೆದರಿ ಬಾಯಿಪಾಠ ಮಾಡುವ ಹೆಸರು ಇಲ್ಲಿಯವರ ಬಾಯಿಂದ ಹೋದದ್ದು. ಮುಂದೆ ಇಡೀ ಭಾರತದ ಜೇಕುಗಳನ್ನು ವಿಂಗಡಿಸಿ ಬರೆದವರು ಸಿ. ಬಿ. ಕ್ಲಾರ್ಕ್; ಹೂಕರ್ ಅವರ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ದ ಆರನೆಯ ಸಂಪುಟದಲ್ಲಿ, 1893–94ರ ಹೊತ್ತಿಗೆ. ಅವರ ಉದ್ಯೋಗ ಏನು ಗೊತ್ತುಂಟಾ? ಬಂಗಾಳದಲ್ಲಿ ಶಾಲಾ ಇನ್‌ಸ್ಪೆಕ್ಟರ್. ಇನ್‌ಸ್ಪೆಕ್ಷನ್‌ಗೆ ಹೋದ ದಾರಿಯಲ್ಲಿ ಗಿಡ ಕೀಳುವ ಅಧಿಕಾರಿ ನಮ್ಮ ಶಾಲೆಗೂ ಒಮ್ಮೆ ಬರಲಿ ಎಂದು ಆಸೆ.

ಗದ್ದೆ ಬಿಟ್ಟು ಸ್ವಲ್ಪ ಮೇಲೆ, ನಮ್ಮ ಪದವುಗಳಿಗೆ ಬನ್ನಿ. ಮಂಜೇಶ್ವರದಿಂದ ಬೇಕಲದವರೆಗೆ ಮುರಕಲ್ಲಿನ ಬಯಲುಗಳು ಬೇಸಿಗೆಯಲ್ಲಿ ಸುಟ್ಟ ಹಂಚಿನ ಹಾಗೆ ಇರುತ್ತವೆ. ಕಡತದಲ್ಲಿ ‘ಪಾಳು ಜಾಗ’ ಎಂದು ಬರೆಯಲು ಬೇರೆ ಸಾಕ್ಷಿ ಬೇಡ. ಜುಲೈಯಲ್ಲಿ ಹೋಗಿ ನೋಡಿ. ಅಂಗೈ ಅಗಲದ ಕುಳಿಗಳಲ್ಲಿ ನೀರು ನಿಂತು ಜೇಕುಗಳು, ಬಿಳಿ ಗುಂಡಿಯ ಎರಿಯೋಕಾಲನ್ (ಇದು ಜೇಕಲ್ಲ, ಬೇರೆ ಕುಟುಂಬ, ಎಷ್ಟೋ ಮಂದಿ ಸೇರಿಸಿಬಿಡುತ್ತಾರೆ), ನೀಲಿ ಯುಟ್ರಿಕ್ಯುಲೇರಿಯ. ಇವುಗಳ ಆಯುಸ್ಸು ಮಳೆ ನಿಲ್ಲುವ ತನಕ. ಇಂಥದ್ದೇ ನೆಲದಿಂದ, ಸರೋವರ ದೇವಸ್ಥಾನದ ಅನಂತಪುರದಿಂದ, ಲೆಪಿಡಾಗಾಥಿಸ್ ಅನಂತಪುರಮೆನ್ಸಿಸ್ ಎಂಬ ಹೊಸ ಪ್ರಭೇದ ಊರಿನ ಹೆಸರು ಹೊತ್ತು ಬಂತು. ಪೆರಿಯದ ಹೊಳೆಯಲ್ಲಿ ಬೆಳೆಯುವ ಕ್ರೈನಮ್ ಮಲಬಾರಿಕಂ ಹೊಸ ಪ್ರಭೇದ ಎಂದು 2012ರಲ್ಲಿ ವಿವರಿಸಲ್ಪಟ್ಟಿತು. 2023ರಲ್ಲಿ ಅದನ್ನೇ ಕಾಸರಗೋಡಿನ ಜಿಲ್ಲಾ ಹೂವು ಎಂದು ಘೋಷಿಸಿದರು. ದಿನಾ ಆ ದಾರಿಯಲ್ಲಿ ನಡೆದವರು ಸಾವಿರ ಮಂದಿ ಇದ್ದರು, ಬಗ್ಗಿ ನೋಡಿದವರು ಕೆಲವರು.

ಆ ಎರಡೂ ಚಂದದ ಹೂವಿನ ಗಿಡಗಳು. ಜೇಕಿಗೆ ಅಷ್ಟು ಅದೃಷ್ಟ ಇಲ್ಲ. ಮುರಕಲ್ಲಿನ ಕೋರೆಗೆ ಒಂದು ಪದವು ಹೋದರೆ ಅಲ್ಲಿ ಏನಿತ್ತು ಎಂದು ಕೇಳಿದಾಗ ‘ಹುಲ್ಲು ಇತ್ತು’ ಎಂದೇ ಉತ್ತರ ಸಿಗುತ್ತದೆ. ಕಲ್ಲು ಬೇಡ ಎಂದು ನಾನು ಹೇಳಲಾರೆ, ನನ್ನ ಮನೆಯ ಗೋಡೆಯೂ ಮುರಕಲ್ಲಿನದೇ. ಆದರೆ ಕೋರೆ ತೋಡುವ ಮೊದಲು ಅಲ್ಲಿ ಐದು ಜಾತಿ ಜೇಕು ಇತ್ತೋ ಹದಿನೈದೋ ಎಂದು ಹೇಳಬಲ್ಲವರು ಊರಲ್ಲಿ ಇರಬೇಕಲ್ಲ. ಬೇರೆ ಬೇರೆ ಎಂದು ಗುರುತಿಸದೆ ಇದ್ದ ಗಿಡ ಹೋದಾಗ ಹೋಯಿತು ಎಂಬ ಲೆಕ್ಕವೂ ಸಿಗುವುದಿಲ್ಲ. ಪದವಿನ ಪಕ್ಕದಲ್ಲೇ ಇರುವ ಕನ್ನಡ ಶಾಲೆಗಳು ಎಷ್ಟಿವೆ, ನೀವೇ ಎಣಿಸಿ. ಈ ಕೆಲಸಕ್ಕೆ ನಿಮ್ಮಷ್ಟು ಹತ್ತಿರದವರು ಯಾರೂ ಇಲ್ಲ.

ಹೋಗುವಾಗ ಒಬ್ಬರೇ ಹೋಗಬೇಡಿ. ಗದ್ದೆಯವರನ್ನು ಕೇಳಿ ಇಳಿಯಿರಿ. ‘ಕಳೆ ಕೀಳ್ತೇವೆ’ ಎಂದರೆ ಬೇಡ ಅನ್ನುವವರಿಲ್ಲ. ಎತ್ತರದ ಜೇಕಿನ ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ, ಹಾವು ಇರುತ್ತದೆ. ಗುಡ್ಡೆಯ ಸ್ಕ್ಲೀರಿಯ ಎಂಬ ಜೇಕಿನ ಎಲೆಯ ಅಂಚು ಕೈ ಕೊಯ್ಯುತ್ತದೆ, ಅದರ ಬಿಳಿ ಮಣಿಯಂಥ ಕಾಯಿ ನೋಡಿ ಎಳೆಯಲು ಹೋಗಿ ನನಗೆ ಗಾಯವಾಗಿದೆ. ಪದವಿನಲ್ಲಿ ಒಂದೋ ಎರಡೋ ಇರುವ ಗಿಡವನ್ನು ಕೀಳಲೇಬೇಡಿ, ಕೂತು ಚಿತ್ರ ಬರೆಯಿರಿ. ಚಿತ್ರ ಬರೆಯುವಾಗ ಕಣ್ಣು ಬಿಟ್ಟುಹೋದದ್ದನ್ನು ಪೆನ್ಸಿಲು ಕೇಳುತ್ತದೆ: ಈ ಎಲೆ ಎಲ್ಲಿಂದ ಹೊರಟಿತು? ಆಗ ಮತ್ತೆ ನೋಡಲೇಬೇಕಾಗುತ್ತದೆ.

ಇನ್ನು ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು, ಈ ಪತ್ರಿಕೆಯನ್ನು ಅವರೂ ಓದುತ್ತಾರಲ್ಲ. ಹೆಸರಿಗೆ ಅಂಕ ಕೊಡುವುದನ್ನು ನಿಲ್ಲಿಸೋಣ. ಹೆಸರಿಗೆ ಅಂಕ ಕೊಟ್ಟರೆ ಮಕ್ಕಳು ಹೆಸರು ತರುತ್ತಾರೆ, ಎಲ್ಲಿಂದಾದರೂ. ನೋಡಿದ್ದಕ್ಕೆ, ಎಣಿಸಿದ್ದಕ್ಕೆ, ಅಳೆದದ್ದಕ್ಕೆ ಅಂಕ ಕೊಡೋಣ. ‘ಸೈಪರಸ್ ಗುಂಪು, ಪ್ರಭೇದ ಗೊತ್ತಿಲ್ಲ, ಮೂರು ಕವಲು, ತುಷ ಒಂದು ಮಿ.ಮೀ.’ ಎಂದು ಬರೆದ ಹಾಳೆಗೆ ಪೂರ್ತಿ ಅಂಕ. ದೊಡ್ಡ ಹರ್ಬೇರಿಯಂಗಳಲ್ಲೂ ಪ್ರಭೇದದ ಹೆಸರಿನ ಜಾಗ ಖಾಲಿ ಬಿಟ್ಟ ಹಾಳೆಗಳು ಇರುತ್ತವೆ, ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ. ಮೌಲ್ಯಮಾಪನಕ್ಕೆ ಸಮಯ ಹೆಚ್ಚು ಬೇಕು ಎಂಬುದು ನಿಜ. ವಿಜ್ಞಾನ ಮೇಳದ ಚಾರ್ಟಿನಲ್ಲಿ ಖಾಲಿ ಜಾಗ ಚಂದ ಕಾಣುವುದಿಲ್ಲ ಎಂಬುದೂ ನಿಜ.

ಪುಸ್ತಕಗಳನ್ನು ವಾಪಸು ಕೊಡುವ ದಿನ ನಾನು ತರಗತಿಯಲ್ಲಿ ನಡೆದದ್ದನ್ನು ಹೇಳಿ ಅವಳ ಎರಡು ಅಂಕ ತಿದ್ದಿದೆ. ಅವಳಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ. ಕೇಳಿದ್ದು ಬೇರೆ: ‘ಟೀಚರ್, ಹುಣಿಯ ಮೇಲೆ ಇನ್ನೊಂದು ಇದೆ. ಇರಿಯಾ ತರವೇ, ಆದರೆ ಕಾಯಿ ಚಪ್ಪಟೆ.’ ಮರುದಿನ ಬೆಂಕಿಪೆಟ್ಟಿಗೆಯಲ್ಲಿ ತಂದಳು. ಶಲಾಕಾಗ್ರಕ್ಕೆ ಎರಡೇ ಕವಲು. ಹಾಗಾದರೆ ಇರಿಯಾ ಅಲ್ಲ. ಪೈಕ್ರಿಯಸ್ ಎನ್ನುವ ಗುಂಪಿನದ್ದಿರಬೇಕು, ಅದರಲ್ಲಿ ಕವಲು ಎರಡು, ಕಾಯಿ ಬದಿಯಿಂದ ಒತ್ತಿದ ಹಾಗೆ ಇರುತ್ತದೆ. ಯಾವ ಪ್ರಭೇದ ಎಂದು ಇನ್ನೂ ತೀರ್ಮಾನವಾಗಿಲ್ಲ. ಕಾಯಿ ಪೂರ್ತಿ ಬಲಿತ ಗಿಡ ಬೇಕು, ನಾವು ನೋಡಿದ್ದು ಎಳೆಯದು. ಸದ್ಯ ಶಾಲೆಯ ಹಾಳೆಯಲ್ಲಿ ಅದು ‘ಎರಡು ಕವಲು, ಚಪ್ಪಟೆ ಕಾಯಿ, ಗದ್ದೆಯ ಹುಣಿ, ಗಡ್ಡೆ ಇಲ್ಲ (ಅಗೆದು ನೋಡಿದೆ)’ ಎಂದೇ ಇದೆ.